ಬೃಹದಣು

ಅಣು ಎಂದರೆ ತೀರಾ ಕಿರಿದು. ‘ಅಣುವಿನಷ್ಟೂ ಸಂಶಯವಿಲ್ಲ’ ಎನ್ನುತ್ತೇವೆ. ದೇವರು ಅಣುರೇಣುತೃಣಕಾಷ್ಠದಲ್ಲೂ ಇದ್ದಾನೆ ಎನ್ನುತ್ತೇವೆ. 1945ರ ನಂತರ ಈ ಪದ ಬಾಂಬಿಗೆ ಅಂಟಿತು, ಆಮೇಲೆ ಕೈಗಾದ ವಿದ್ಯುತ್ ಸ್ಥಾವರದ ಹೆಸರಿಗೂ ಸೇರಿತು. ರಸಾಯನಶಾಸ್ತ್ರದ ಮೇಷ್ಟ್ರು ಮಾತ್ರ ಪರಮಾಣುಗಳು ಕೂಡಿ ಆದದ್ದೇ ಅಣು ಎಂದು ಪಾಠ ಮಾಡುತ್ತಾರೆ. ಅದರ ಹಿಂದೆ ‘ಬೃಹತ್’ ಸೇರಿದಾಗ ಕಿರಿದೂ ಹಿರಿದೂ ಒಂದೇ ಉಸಿರಿನಲ್ಲಿ ಬರುತ್ತವೆ. ನನಗೆ ಪ್ರಿಯವಾದ ಪದ ಇದು.

ನೀರಿನ ಅಣುವಿನಲ್ಲಿ ಮೂರೇ ಪರಮಾಣು, ಸಕ್ಕರೆಯದರಲ್ಲಿ 45. ರಬ್ಬರಿನಲ್ಲಾದರೋ ಲೆಕ್ಕ ಸಾವಿರಗಳಿಗೆ ಹೋಗುತ್ತದೆ. 1920ರಲ್ಲಿ ಜರ್ಮನ್ ವಿಜ್ಞಾನಿ ಹರ್ಮನ್ ಸ್ಟೌಡಿಂಗರ್ ಹೀಗೆಂದು ವಾದಿಸಿದಾಗ ಸಹೋದ್ಯೋಗಿಗಳು ಒಪ್ಪಲಿಲ್ಲ. ಸಣ್ಣ ಅಣುಗಳು ದುರ್ಬಲ ಸೆಳೆತದಿಂದ ಗುಂಪುಗೂಡಿವೆ ಅಷ್ಟೇ, ಎಂಬುದು ಅವರ ನಂಬಿಕೆ. ಸ್ಟೌಡಿಂಗರ್ ರಬ್ಬರಿಗೆ ಹೈಡ್ರೋಜನ್ ಕೂಡಿಸಿ ನೋಡಿದರು. ಸಹೋದ್ಯೋಗಿಗಳು ಹೇಳಿದಂತೆ ಅದು ಬರೀ ಗುಂಪಾಗಿದ್ದರೆ ಚದುರಬೇಕಿತ್ತು, ಚದುರಲಿಲ್ಲ. 1922ರಲ್ಲಿ ಸ್ಟೌಡಿಂಗರ್ ಇಂಥ ಅಣುವಿಗೆ ‘ಮ್ಯಾಕ್ರೋಮಾಲಿಕ್ಯೂಲ್’ ಎಂಬ ಹೆಸರಿಟ್ಟರು. ನೊಬೆಲ್ ಬಂದದ್ದು 1953ರಲ್ಲಿ, ಅವರ 72ನೇ ವಯಸ್ಸಿಗೆ. ಆ ಹೆಸರೇ ಕನ್ನಡದಲ್ಲಿ ಬೃಹದಣುವಾಯಿತು.

ಇಂದು ಇದರ ನೆಂಟ ಪದ ‘ಪಾಲಿಮರ್’ ಕಿವಿಗೆ ಬಿದ್ದರೆ ಪ್ಲಾಸ್ಟಿಕ್ ಚೀಲವೇ ಕಣ್ಣಿಗೆ ಕಟ್ಟುತ್ತದೆ. ಇದು ಅನ್ಯಾಯ. ರಾಮನಗರದ ಮಾರುಕಟ್ಟೆಗೆ ಬರುವ ರೇಷ್ಮೆಗೂಡಿನ ಎಳೆ ಬೃಹದಣು. ಅದರ ಫೈಬ್ರೋಯಿನ್ ಪ್ರೋಟೀನಿನಲ್ಲಿ ಸಾವಿರಾರು ಅಮೈನೋ ಆಮ್ಲಗಳು ಸಾಲಾಗಿ ಕೈಹಿಡಿದಿವೆ. ರಾಗಿಮುದ್ದೆಯ ಪಿಷ್ಟ, ಹತ್ತಿ ಪಂಚೆಯ ಸೆಲ್ಯುಲೋಸ್ ಕೂಡ ಬೃಹದಣುಗಳೇ. ಇವೆರಡೂ ಗ್ಲೂಕೋಸಿನ ಸರಪಳಿಗಳು, ಕೊಂಡಿ ಬೆಸೆದ ರೀತಿಯಷ್ಟೇ ಬೇರೆ. ಆ ಒಂದು ವ್ಯತ್ಯಾಸದಿಂದ ಮುದ್ದೆ ನಮಗೆ ಜೀರ್ಣವಾಗುತ್ತದೆ, ಪಂಚೆಯ ನೂಲು ಆಗುವುದಿಲ್ಲ. ಹುಲ್ಲಿನ ಸೆಲ್ಯುಲೋಸನ್ನು ಹಸು ಅರಗಿಸಿಕೊಳ್ಳುವುದು ಅದರ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳ ಬಲದಿಂದ.

ಇನ್ನು ನಮ್ಮ ಮೈಯಲ್ಲೇ ಇರುವ ದೊಡ್ಡದು ಡಿಎನ್‌ಎ. ಮನುಷ್ಯನ ಒಂದನೇ ವರ್ಣತಂತುವಿನಲ್ಲಿ ಸುಮಾರು 25 ಕೋಟಿ ಜೋಡಿ ಪ್ರತ್ಯಾಮ್ಲಗಳಿವೆ. ಅದನ್ನು ನೆಟ್ಟಗೆ ಎಳೆದರೆ ಎಂಟು ಸೆಂಟಿಮೀಟರಿಗೂ ಉದ್ದ. ಇದೆಲ್ಲ ಕಣ್ಣಿಗೆ ಕಾಣದ ಜೀವಕೋಶದ ಒಳಗೆ ಮಡಚಿಕೊಂಡಿದೆ.

ಪಾಠ ಹೇಳುವವರಲ್ಲಿ ಒಂದು ವಿನಂತಿ: ಬೃಹದಣುವಿನ ಪಾಠವನ್ನು ರಾಗಿ, ರೇಷ್ಮೆಗಳಿಂದ ಶುರುಮಾಡಿ. ಪ್ಲಾಸ್ಟಿಕ್ ಆಮೇಲೆ ಬರಲಿ.