ಜೇನುಗೂಡಿನ ಪಟ್ಟಾಭಿಷೇಕ

ಕೆಲವು ವರ್ಷಗಳ ಹಿಂದೆ ನನ್ನ ಹಿತ್ತಲಿನ ತುಡುವೆ ಜೇನಿಗೆ ನನ್ನಿಂದ ಒಂದು ಅಪಚಾರ ನಡೆಯಿತು. ರಾಣಿ ಮುದಿಯಾಗಿದ್ದಳು, ಎರಿಯ ಕಣ್ಣುಗಳಲ್ಲಿ ಮೊಟ್ಟೆಗಳು ಅಲ್ಲೊಂದು ಇಲ್ಲೊಂದು ಮಾತ್ರ ಇದ್ದವು. ಅವಳನ್ನು ತೆಗೆದು, ಮಿತ್ರರೊಬ್ಬರು ಕೊಟ್ಟ ಎಳೆಯ ರಾಣಿಯನ್ನು ಅದೇ ಗಳಿಗೆಯಲ್ಲಿ ಪೆಟ್ಟಿಗೆಯೊಳಗೆ ಬಿಟ್ಟೆ. ಕೆಲಸಗಾರ ಜೇನುಗಳು ಅವಳನ್ನು ಮುತ್ತಿ ಉಂಡೆಗಟ್ಟಿದವು. ಸಂಜೆಯ ಹೊತ್ತಿಗೆ ಅವಳ ಶವ ಪೆಟ್ಟಿಗೆಯ ಬಾಗಿಲಲ್ಲಿ ಬಿದ್ದಿತ್ತು.

ನನ್ನ ತಪ್ಪು ಯಾವುದೆಂಬುದನ್ನು 1792ರಷ್ಟು ಹಿಂದೆಯೇ ಒಬ್ಬರು ಬರೆದಿಟ್ಟಿದ್ದರು. ಅವರು ಜಿನೀವಾ ನಗರದ ಫ್ರಾಂಸ್ವಾ ಹ್ಯೂಬರ್. 1750ರಲ್ಲಿ ಜನಿಸಿದ ಅವರು ಹರೆಯದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡರು. ಕುರುಡನಿಗೆ ಮಗಳನ್ನು ಕೊಡಲೊಲ್ಲೆನೆಂದ ತಂದೆಯ ಮಾತನ್ನು ಮೀರಿ, ಪ್ರಾಪ್ತ ವಯಸ್ಸಿನವರೆಗೆ ಕಾದು ಅವರನ್ನು ವರಿಸಿದಾಕೆ ಮರೀ ಲ್ಯುಲ್ಲಿನ್. ಜೇನಿನ ಲೋಕವನ್ನು ಅವರಿಗೆ ಕಾಣಿಸಿದ ಕಣ್ಣುಗಳು ಮಾತ್ರ ಅವರ ಸೇವಕ ಫ್ರಾಂಸ್ವಾ ಬರ್ನೆನ್ಸ್‌ನವು. ಪುಸ್ತಕದ ಹಾಳೆಗಳಂತೆ ಬಿಡಿಸಿ ನೋಡಬಹುದಾದ ಗೂಡೊಂದನ್ನು ಹ್ಯೂಬರ್ ಕಲ್ಪಿಸಿದರು. ಪ್ರಶ್ನೆ ಯಜಮಾನನದು, ನೋಟ ಸೇವಕನದು.

ಅವರು ರಾಣಿಯನ್ನು ಬದಲಿಸುವ ಪ್ರಯೋಗಗಳನ್ನೂ ಮಾಡಿದರು. ಹಳೆಯ ರಾಣಿಯನ್ನು ತೆಗೆದ 12 ಗಂಟೆಗಳೊಳಗೆ ಪರಕೀಯಳೊಬ್ಬಳನ್ನು ಬಿಟ್ಟರೆ ಜೇನುಗಳು ಅವಳನ್ನು ಸುತ್ತುಗಟ್ಟಿ ಸೆರೆಹಿಡಿಯುತ್ತಿದ್ದವು. 24 ಗಂಟೆ ಕಳೆದ ಮೇಲೆ ಬಿಟ್ಟರೆ ಆದರದಿಂದ ಒಪ್ಪಿಕೊಳ್ಳುತ್ತಿದ್ದವು. ಇದಕ್ಕೆ ಕಾರಣ ತಿಳಿದದ್ದು ಬಹು ಕಾಲದ ಮೇಲೆ. ರಾಣಿಯ ಮೈಯಿಂದ ಒಸರುವ ದ್ರವ್ಯವನ್ನು ಪರಿಚಾರಕ ಜೇನುಗಳು ನೆಕ್ಕಿ, ಬಾಯಿಂದ ಬಾಯಿಗೆ ಗೂಡಿನಲ್ಲೆಲ್ಲ ಹಂಚುತ್ತವೆಂದು ಇಂಗ್ಲೆಂಡಿನ ಕಾಲಿನ್ ಬಟ್ಲರ್ 1954ರಲ್ಲಿ ತೋರಿಸಿಕೊಟ್ಟರು. ಹಳೆಯ ರಾಣಿಯ ಗುರುತು ಗೂಡಿನಲ್ಲಿ ಆರುವ ಮೊದಲೇ ಹೊಸಬಳಿಗೆ ಪಟ್ಟ ಕಟ್ಟಹೊರಟದ್ದು ನನ್ನ ಅಪರಾಧ. ಬಲ್ಲವರು ಹೊಸ ರಾಣಿಯನ್ನು ಸಣ್ಣ ಪಂಜರದಲ್ಲಿಟ್ಟು, ಅವಳ ವಾಸನೆ ಗೂಡಿಗೆ ರೂಢಿಯಾದ ಮೇಲೆ ಬಿಡುತ್ತಾರೆ.

ಇನ್ನು ಗೂಡಿನ ಗತಿಯೇನು? ರಾಣಿಯಿಲ್ಲದ ಗೂಡಿನಲ್ಲಿ ಕೆಲಸಗಾರ ಜೇನುಗಳೇ ಮೊಟ್ಟೆಯಿಡತೊಡಗುವುದುಂಟು. ಆದರೆ ಆ ಮೊಟ್ಟೆಗಳಿಂದ ಹುಟ್ಟುವುದು ಗಂಡುಜೇನುಗಳು ಮಾತ್ರ. ಅಲ್ಲಿಗೆ ಸಂಸಾರ ಮುಗಿದಂತೆ. ಈ ಸಂಗತಿಯನ್ನು ಖಚಿತಪಡಿಸಲು ಬರ್ನೆನ್ಸ್ ಎರಡು ಗೂಡುಗಳ ಜೇನುಗಳನ್ನೆಲ್ಲ ಒಂದೊಂದಾಗಿ ಕೈಯಲ್ಲಿ ಹಿಡಿದು ಪರೀಕ್ಷಿಸಿದ. ಹನ್ನೊಂದು ದಿನ ಹಿಡಿಯಿತು.

ನನ್ನ ಪಾಲಿಗೆ ಉಳಿದಿದ್ದ ಆಸೆ ಜರ್ಮನಿಯ ಲುಸೇಷಿಯ ಸೀಮೆಯ ಪಾದ್ರಿ ಶಿರಾಕ್ ಅವರ ಶೋಧ. ರಾಣಿಯಾಗುವ ಮರಿ ಹುಟ್ಟಿನಿಂದಲೇ ಬೇರೆಯಲ್ಲ. ಕೆಲಸಗಾರ ಜೇನಾಗಬೇಕಿದ್ದ ಮರಿಯನ್ನೇ ಜೇನುಗಳು ರಾಣಿಯನ್ನಾಗಿ ಬೆಳೆಸಬಲ್ಲವು ಎಂದು ಹದಿನೆಂಟನೆಯ ಶತಮಾನದಲ್ಲಿ ಅವರು ಸಾರಿದಾಗ ನಂಬದವರಿದ್ದರು. ಹ್ಯೂಬರ್ ಮತ್ತೆ ಪ್ರಯೋಗ ಮಾಡಿ ಅದು ನಿಜವೆಂದರು. ಮೂರು ದಿನ ಮೀರದ ಎಳೆಯ ಮರಿಯಿದ್ದರೆ ಸಾಕು. ಅದರ ಕಣ್ಣನ್ನು ಹಿಗ್ಗಿಸಿ, ಕೊನೆಯವರೆಗೂ ರಾಜಶಾಹಿ ರಸವನ್ನು ಉಣಿಸಿ ಬೆಳೆಸುವುದರಲ್ಲಿಯೇ ರಾಣಿತನದ ಗುಟ್ಟಿದೆ.

ನಾನು ಕೈ ಹಾಕದೆ ಕಾದೆ. ಕೆಲವು ದಿನಗಳಲ್ಲಿ ಎರಿಯ ಮೇಲೆ ರಾಣಿಯ ಕೋಶಗಳು ಎದ್ದವು. ಮುದಿ ರಾಣಿ ವಿರಳವಾಗಿ ಇಟ್ಟುಹೋದ ಮೊಟ್ಟೆಗಳೇ ಅವಕ್ಕೆ ಆಧಾರವಾಗಿದ್ದವು. ಸುಮಾರು ಒಂದು ತಿಂಗಳ ಮೇಲೆ ಪೆಟ್ಟಿಗೆಯನ್ನು ತೆರೆದಾಗ, ಕಣ್ಣಿಗೊಂದರಂತೆ ಸಾಲಾಗಿ ಹೊಸ ಮೊಟ್ಟೆಗಳು ಕಂಡವು.

ಕೆಲಸಕ್ಕೆ ಬಾರದವಳೆಂದು ನಾನು ತೆಗೆದುಹಾಕಿದ್ದ ಮುದುಕಿಯ ಸಂತಾನವೇ ಆ ಗೂಡನ್ನು ಉಳಿಸಿತ್ತು. ಕಣ್ಣಿಲ್ಲದ ಹ್ಯೂಬರ್ ಪ್ರತಿಯೊಂದನ್ನೂ ಕೇಳಿ, ಕಾದು, ಮತ್ತೆ ಕೇಳಿ ತಿಳಿದರು. ಎರಡು ಕಣ್ಣಿದ್ದ ನನಗೆ ಒಂದು ದಿನ ಕಾಯುವ ತಾಳ್ಮೆಯಿರಲಿಲ್ಲ.