ಚೌಕಿಯ ಬಾಗಿಲು ತೆರೆದವರು

2010ರ ಅಕ್ಟೋಬರ್ 6ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೆವಿನ್ ಸಿಸ್ಟ್ರಾಮ್ ಮತ್ತು ಮೈಕ್ ಕ್ರೀಗರ್ ಎಂಬ ಇಬ್ಬರು ಯುವಕರು ಐಫೋನಿಗಾಗಿ ಒಂದು ಪುಟ್ಟ ಫೋಟೋ ಆ್ಯಪ್ ಬಿಡುಗಡೆ ಮಾಡಿದರು. ಅದರ ಹೆಸರು ಇನ್‌ಸ್ಟಾಗ್ರಾಮ್. ಮೊದಲ ದಿನವೇ ಸುಮಾರು 25,000 ಜನ ಬಂದು ಸೇರಿಕೊಂಡರು. ಅಷ್ಟೂ ಜನರ ಭಾರ ಬಿದ್ದದ್ದು ಲಾಸ್ ಏಂಜಲೀಸಿನಲ್ಲೆಲ್ಲೋ ಇದ್ದ ಒಂದೇ ಒಂದು ಯಂತ್ರದ ಮೇಲೆ. ಅದರ ಶಕ್ತಿ ಒಂದು ಒಳ್ಳೆಯ ಲ್ಯಾಪ್‌ಟಾಪಿಗಿಂತಲೂ ಕಡಿಮೆ ಇತ್ತು ಎಂದು ಕ್ರೀಗರ್ ಆಮೇಲೆ ಒಂದು ಭಾಷಣದಲ್ಲಿ ಹೇಳಿಕೊಂಡರು. ಯಂತ್ರ ಏದುಸಿರು ಬಿಡತೊಡಗಿತು. ಹುಡುಕಿದಾಗ ಸಿಕ್ಕಿದ ಮೊದಲ ಕಾರಣ ತೀರಾ ಸಣ್ಣದು. ಬ್ರೌಸರಿನಲ್ಲಿ ತಾಣದ ಹೆಸರಿನ ಪಕ್ಕ ಕಾಣುವ ಬೆರಳುಗುರಿನಷ್ಟು ಚಿತ್ರವೊಂದನ್ನು ಸರ್ವರಿನಲ್ಲಿ ಇಡಲು ಅವರು ಮರೆತಿದ್ದರು. ಆ ಚಿತ್ರ ಕೇಳಿ ಬಂದವರಿಗೆಲ್ಲ ‘ಇಲ್ಲ, ಇಲ್ಲ’ ಎಂದು ಉತ್ತರಿಸುವುದರಲ್ಲೇ ಯಂತ್ರ ದಣಿಯುತ್ತಿತ್ತು.

ಈ ಕತೆಯನ್ನು ಕ್ರೀಗರ್ ಮುಚ್ಚಿಡಲಿಲ್ಲ. ತಮ್ಮಿಬ್ಬರಿಗೂ ಸರ್ವರ್ ಕೆಲಸದಲ್ಲಿ ಹೇಳಿಕೊಳ್ಳುವಂಥ ಅನುಭವ ಇರಲಿಲ್ಲ ಎಂದೂ ಒಪ್ಪಿಕೊಂಡರು. ಹಾಗಿದ್ದರೆ ಆ ಆ್ಯಪ್ ಎದ್ದು ನಿಂತದ್ದು ಹೇಗೆ? ಗೊತ್ತಿಲ್ಲದ ಕೆಲಸವನ್ನು ಅವರು ಯಾರ ವಿದ್ಯೆಯ ಆಸರೆಯಲ್ಲಿ ಮಾಡಿದರು? ಇದಕ್ಕೆ ಉತ್ತರ ಹುಡುಕುತ್ತ ಹೋದರೆ ಕಳೆದ ಎರಡು ದಶಕಗಳ ಒಂದು ಚರಿತ್ರೆ ತೆರೆದುಕೊಳ್ಳುತ್ತದೆ.

ಮೊದಲು ಸರ್ವರ್ ಎಂದರೇನು ಎಂದು ನೋಡೋಣ. ಯಕ್ಷಗಾನ ನೋಡಿದವರಿಗೆ ಚೌಕಿ ಗೊತ್ತು. ರಂಗಸ್ಥಳದಲ್ಲಿ ಕುಣಿಯುವ ವೇಷ ಸಿದ್ಧವಾಗುವುದು ಹಿಂದಿನ ಚೌಕಿಯಲ್ಲಿ. ಬಣ್ಣ, ಕಿರೀಟ, ಗೆಜ್ಜೆ ಎಲ್ಲವೂ ಇರುವುದು ಅಲ್ಲಿ. ನಮ್ಮ ಅಂಗೈಯಲ್ಲಿರುವ ಆ್ಯಪ್ ರಂಗಸ್ಥಳವಾದರೆ, ಎಲ್ಲೋ ದೂರದಲ್ಲಿ ಕುಳಿತ ಸರ್ವರ್ ಅದರ ಚೌಕಿ. ಯಾರು ಒಳಗೆ ಬಂದರು, ಗುಪ್ತಪದ ಸರಿಯೇ, ಯಾವ ಚಿತ್ರ ಯಾರದು, ಯಾರಿಗೆ ಯಾವುದನ್ನು ತೋರಿಸಬೇಕು ಎಂಬ ಲೆಕ್ಕವೆಲ್ಲ ನಡೆಯುವುದು ಅಲ್ಲಿ. ಈ ಕೆಲಸಗಳು ಬಹುಪಾಲು ಎಲ್ಲ ಆ್ಯಪ್‌ಗಳಿಗೂ ಒಂದೇ. ಆದ್ದರಿಂದ ಪ್ರತಿಯೊಬ್ಬರೂ ಮೊದಲಿನಿಂದ ಬರೆಯುವ ಬದಲು, ಅದಕ್ಕೆ ಬೇಕಾದ ಕೋಡನ್ನು ಒಮ್ಮೆ ಬರೆದು, ಒಪ್ಪವಾಗಿ ಜೋಡಿಸಿ ಇಟ್ಟರೆ ಅದನ್ನು ಫ್ರೇಮ್‌ವರ್ಕ್ ಎನ್ನುತ್ತಾರೆ.

ಇನ್‌ಸ್ಟಾಗ್ರಾಮಿನ ಗೆಳೆಯರು ಆರಿಸಿಕೊಂಡ ಫ್ರೇಮ್‌ವರ್ಕಿನ ಹೆಸರು ಜ್ಯಾಂಗೊ. ಸಾಹಿತ್ಯದ ಓದುಗರಿಗೆ ಇದರ ಹುಟ್ಟು ಹಿಡಿಸಬಹುದು, ಏಕೆಂದರೆ ಇದು ಹುಟ್ಟಿದ್ದು ಒಂದು ಪತ್ರಿಕಾ ಕಚೇರಿಯಲ್ಲಿ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಎಂಬ ಊರಿನಲ್ಲಿ ‘ಲಾರೆನ್ಸ್ ಜರ್ನಲ್-ವರ್ಲ್ಡ್’ ಎಂಬ ಸ್ಥಳೀಯ ದಿನಪತ್ರಿಕೆ ಇದೆ. 2003ರಲ್ಲಿ ಅದರ ಜಾಲತಾಣ ವಿಭಾಗದಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಇಂಗ್ಲೆಂಡಿನಿಂದ ಬಂದಿದ್ದ ಸೈಮನ್ ವಿಲ್ಲಿಸನ್ ಕೆಲಸ ಮಾಡುತ್ತಿದ್ದರು. ಸುದ್ದಿಮನೆಯಲ್ಲಿ ಗಡಿಯಾರವೇ ಯಜಮಾನ. ಮಧ್ಯಾಹ್ನ ಕೇಳಿದ ಹೊಸ ಪುಟ ಸಂಜೆಗೆ ಸಿದ್ಧವಿರಬೇಕು. ಈ ಒತ್ತಡದಲ್ಲಿ ಮತ್ತೆ ಮತ್ತೆ ಬೇಕಾಗುವ ಭಾಗಗಳನ್ನು ಅವರು ಬೇರೆ ತೆಗೆದು ಇಡುತ್ತ ಹೋದರು. ಜಾಜ್ ಗಿಟಾರ್ ವಾದಕ ಜ್ಯಾಂಗೊ ರೈನ್‌ಹಾರ್ಟ್ ಅವರ ಹೆಸರನ್ನು ಅದಕ್ಕಿಟ್ಟರು. ಬೆಂಕಿ ಅವಘಡದಲ್ಲಿ ಎಡಗೈಯ ಎರಡು ಬೆರಳು ಊನವಾದ ಮೇಲೂ ಉಳಿದ ಬೆರಳುಗಳಲ್ಲಿ ಹೊಸ ಶೈಲಿಯನ್ನೇ ಕಟ್ಟಿದ ಕಲಾವಿದ ಆತ.

2005ರ ಜುಲೈನಲ್ಲಿ ಪತ್ರಿಕೆ ಈ ಕೋಡನ್ನು ಮುಕ್ತ ಪರವಾನಗಿಯಡಿ ಲೋಕಕ್ಕೆ ಕೊಟ್ಟಿತು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಅದರಿಂದ ವ್ಯಾಪಾರವನ್ನೂ ಮಾಡಬಹುದು. ಕೋಡಿನ ಜೊತೆಗೆ ಪಾಠವೂ ಇತ್ತು. ಹೊಸಬರು ಕೈಹಿಡಿದು ನಡೆಯುವಂತೆ, ಒಂದು ಸಣ್ಣ ಮತ ಸಂಗ್ರಹದ ತಾಣವನ್ನು ಹಂತಹಂತವಾಗಿ ಕಟ್ಟಿಸುವ ಪಾಠ. ಪ್ರಶ್ನೆ ಬರೆ, ಆಯ್ಕೆಗಳನ್ನು ಸೇರಿಸು, ಬಂದ ಮತ ಎಣಿಸು. ಇಂದಿಗೂ ಜ್ಯಾಂಗೊ ಕಲಿಯುವವರು ಶುರುಮಾಡುವುದು ಆ ಮತ ಸಂಗ್ರಹದಿಂದಲೇ. ಪತ್ರಕರ್ತರ ನಡುವೆ ಬೆಳೆದ ಕೋಡು, ಓದಲು ಬರುವ ಗದ್ಯವನ್ನೂ ತನ್ನ ಭಾಗವೆಂದೇ ತಿಳಿದಿತ್ತು.

ಇದೇ ಹೊತ್ತಿಗೆ ಫೋನಿನ ಕಡೆ ಬೇರೆಯೇ ಗಾಳಿ ಬೀಸುತ್ತಿತ್ತು. 2007ರ ಜೂನ್‌ನಲ್ಲಿ ಐಫೋನ್ ಮಾರುಕಟ್ಟೆಗೆ ಬಂದಾಗ ಹೊರಗಿನವರು ಅದಕ್ಕೆ ಆ್ಯಪ್ ಬರೆಯುವಂತಿರಲಿಲ್ಲ. ಬ್ರೌಸರಿನಲ್ಲಿ ಓಡುವ ತಾಣ ಮಾಡಿದರೆ ಸಾಕು ಎಂಬುದು ಸ್ಟೀವ್ ಜಾಬ್ಸ್ ಅವರ ಮೊದಲ ಉತ್ತರ. 2008ರ ಮಾರ್ಚ್‌ನಲ್ಲಿ ಆ್ಯಪಲ್ ಸಂಸ್ಥೆ ಆ್ಯಪ್ ಬರೆಯುವ ಸಲಕರಣೆಗಳನ್ನು ಕೊಟ್ಟಿತು, ಜುಲೈ 10ರಂದು 500 ಆ್ಯಪ್‌ಗಳೊಡನೆ ಅಂಗಡಿ ತೆರೆಯಿತು. ಆದರೆ ಸಲಕರಣೆಯ ಜೊತೆಗೊಂದು ಗೌಪ್ಯತೆಯ ಒಪ್ಪಂದವಿತ್ತು. ಕಲಿತದ್ದನ್ನು ಬಹಿರಂಗವಾಗಿ ಚರ್ಚಿಸುವಂತಿಲ್ಲ, ಪಾಠ ಬರೆಯುವಂತಿಲ್ಲ. ಬರೆದಿಟ್ಟ ಪುಸ್ತಕಗಳನ್ನು ಪ್ರಕಾಶಕರು ಹೊರತರಲಾಗದೆ ಕಾದರು. ಅಂಗಡಿಯಲ್ಲಿ ಆ್ಯಪ್‌ಗಳು ಮಾರಾಟವಾಗುತ್ತಿದ್ದವು, ಅವನ್ನು ಬರೆಯುವವರು ಮಾತ್ರ ಎದುರುಬದುರು ಕುಳಿತೂ ಮೌನ ವ್ರತದಲ್ಲಿದ್ದಂತಿತ್ತು. ಒಬ್ಬ ಬಿದ್ದ ಹಳ್ಳಕ್ಕೆ ಮತ್ತೊಬ್ಬನೂ ಬೀಳಬೇಕು, ಎಚ್ಚರಿಸುವ ಹಾಗಿಲ್ಲ. ಅಸಮಾಧಾನ ಹೆಚ್ಚಿ, ಬಿಡುಗಡೆಯಾದ ತಂತ್ರಾಂಶದ ಮಟ್ಟಿಗೆ ಆ ಒಪ್ಪಂದವನ್ನು 2008ರ ಅಕ್ಟೋಬರ್ 1ರಂದು ಆ್ಯಪಲ್ ಕೈಬಿಟ್ಟಿತು.

ಆ ಕೆಲವು ವಾರಗಳು ಗಮನಿಸಬೇಕಾದವು. ಅದೇ ಸೆಪ್ಟೆಂಬರ್‌ನಲ್ಲಿ ಜ್ಯಾಂಗೊದ 1.0 ಆವೃತ್ತಿ ಬಂತು. ಅದೇ ತಿಂಗಳು ಜೆಫ್ ಆ್ಯಟ್‌ವುಡ್ ಮತ್ತು ಜೋಯೆಲ್ ಸ್ಪಾಲ್‌ಸ್ಕಿ ‘ಸ್ಟ್ಯಾಕ್ ಓವರ್‌ಫ್ಲೋ’ ಎಂಬ ಪ್ರಶ್ನೋತ್ತರ ತಾಣ ತೆರೆದರು. ಅಲ್ಲಿ ಬರೆದ ಉತ್ತರ ಹಂಚಿಕೊಳ್ಳಲು ಮುಕ್ತವಾಗಿತ್ತು. ಮರುವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ತನ್ನ ಐಫೋನ್ ಪ್ರೋಗ್ರಾಮಿಂಗ್ ತರಗತಿಯ ವಿಡಿಯೋಗಳನ್ನು ಉಚಿತವಾಗಿ ಹಂಚಿತು. ಏಳೇ ವಾರಗಳಲ್ಲಿ ಅವು 10 ಲಕ್ಷ ಬಾರಿ ಡೌನ್‌ಲೋಡ್ ಆದವು. ಬಾಯಿ ಕಟ್ಟಿದ್ದವರಿಗೆ ಎಷ್ಟು ಹಸಿವಿತ್ತು ಎಂಬುದನ್ನು ಆ ಸಂಖ್ಯೆಯೇ ಹೇಳುತ್ತದೆ.

ಇನ್‌ಸ್ಟಾಗ್ರಾಮ್ ಹುಟ್ಟಿದ್ದು ಈ ಎರಡು ಹೊಳೆ ಕೂಡಿದ ಕಡೆ. ರಂಗಸ್ಥಳದ ವಿದ್ಯೆ ಆಗ ಬಯಲಿಗೆ ಬಂದಿತ್ತು, ಚೌಕಿಯ ವಿದ್ಯೆ ಕ್ಯಾನ್ಸಸ್‌ನಿಂದ ಬಂದಿತ್ತು. 2011ರ ಹೊತ್ತಿಗೆ ಕೇವಲ ಮೂವರು ಇಂಜಿನಿಯರ್‌ಗಳು 1.4 ಕೋಟಿ ಬಳಕೆದಾರರನ್ನು ನಿಭಾಯಿಸುತ್ತಿದ್ದರು. ತಾವು ಬಳಸುವ ಸಲಕರಣೆಗಳನ್ನೆಲ್ಲ ಒಂದೊಂದಾಗಿ ವಿವರಿಸಿ ಆ ವರ್ಷವೇ ಒಂದು ಲೇಖನವನ್ನೂ ಬರೆದರು. ಮರೆತ ಚಿತ್ರದ ಕತೆಯ ಹಾಗೆ ಇದೂ ಮುಂದಿನವರಿಗೆ ಪಾಠವಾಯಿತು.

ಆದರೆ ಎಲ್ಲರಿಗೂ ಚೌಕಿ ಕಟ್ಟಿಕೊಳ್ಳುವ ತಾಳ್ಮೆ ಇರುವುದಿಲ್ಲ. ಅಂಥವರಿಗಾಗಿ 2011ರಲ್ಲಿ ಪಾರ್ಸ್ ಎಂಬ ಕಂಪನಿ ಹುಟ್ಟಿತು. ನೀವು ಆ್ಯಪ್ ಬರೆಯಿರಿ, ಹಿಂದಿನದನ್ನು ನಮಗೆ ಬಿಡಿ ಎಂಬುದು ಅದರ ವ್ಯವಹಾರ. ಲಾಗಿನ್, ಡೇಟಾಬೇಸ್, ಸೂಚನೆ ಕಳಿಸುವುದು, ಎಲ್ಲವೂ ಕೆಲವೇ ಸಾಲುಗಳಲ್ಲಿ. 2013ರಲ್ಲಿ ಫೇಸ್‌ಬುಕ್ ಅದನ್ನು ಕೊಂಡಿತು. ಲಕ್ಷಾಂತರ ಆ್ಯಪ್‌ಗಳು ಅದರ ನೆರಳಿಗೆ ಬಂದವು. 2016ರ ಜನವರಿ 28ರಂದು ಪ್ರಕಟಣೆ ಬಂತು. ಸೇವೆ ಮುಚ್ಚುತ್ತೇವೆ, ಒಂದು ವರ್ಷದ ಗಡುವಿದೆ, ನಿಮ್ಮ ಸಾಮಾನು ಸಾಗಿಸಿಕೊಳ್ಳಿ.

ಬಾಡಿಗೆ ಮನೆ ಖಾಲಿ ಮಾಡಿದವರಿಗೆ ಈ ಸಂಕಟ ತಿಳಿದೀತು. ಒಬ್ಬಂಟಿಯಾಗಿ ಆ್ಯಪ್ ನಡೆಸುತ್ತಿದ್ದವರು ಒಮ್ಮೆಲೇ ಸರ್ವರ್ ವಿದ್ಯೆ ಕಲಿಯಬೇಕಾಯಿತು, ಇಲ್ಲವೇ ಆ್ಯಪ್ ನಿಲ್ಲಿಸಬೇಕಾಯಿತು. ಹೋಗುವ ಮುನ್ನ ಪಾರ್ಸ್‌ನವರು ಒಂದು ಒಳ್ಳೆಯ ಕೆಲಸ ಮಾಡಿದರು. ಪಾರ್ಸ್ ಸರ್ವರ್ ಎಂಬ ಹೆಸರಿನಲ್ಲಿ ತಮ್ಮ ಚೌಕಿಯ ನಕ್ಷೆಯನ್ನೇ ಮುಕ್ತವಾಗಿ ಕೊಟ್ಟರು. ಅದು ನೋಡ್ ಜೆಎಸ್ ಮೇಲೆ ಓಡುವಂಥದ್ದು. ನೋಡ್ ಜೆಎಸ್ ಕೂಡ ರಾಯನ್ ಡಾಲ್ ಎಂಬಾತ 2009ರಲ್ಲಿ ಬರ್ಲಿನ್ನಿನ ಸಮ್ಮೇಳನವೊಂದರಲ್ಲಿ ಎಲ್ಲರೆದುರು ತೋರಿಸಿದ ಮುಕ್ತ ಕೋಡು. ಕಂಪನಿಯ ಸೇವೆ 2017ರ ಜನವರಿಯ ಕೊನೆಗೆ ನಿಂತಿತು. ಆ ಕೋಡನ್ನು ಸ್ವಯಂಸೇವಕರು ಇವತ್ತಿಗೂ ತಿದ್ದುತ್ತ, ಬೆಳೆಸುತ್ತ ಇದ್ದಾರೆ.

ಈಗ ನಮ್ಮ ಕಡೆ ನೋಡಿಕೊಳ್ಳೋಣ. ಜ್ಯಾಂಗೊ ಪಾಠ ಓದಲು ಹಣ ಬೇಕಿಲ್ಲ, ಆದರೆ ಇಂಗ್ಲಿಷ್ ಬೇಕು. ಪದವಿಪೂರ್ವದವರೆಗೆ ಕನ್ನಡದಲ್ಲೇ ಓದಿದ ಹುಡುಗಿಗೆ ಗೌಪ್ಯತೆಯ ಒಪ್ಪಂದವೇನೂ ಅಡ್ಡಬರುವುದಿಲ್ಲ, ಭಾಷೆ ಅಡ್ಡಬರುತ್ತದೆ. ಮುಂಬೈ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಮುಕ್ತ ತಂತ್ರಾಂಶದ ಪಾಠಗಳಿಗೆ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ದನಿ ಕೊಟ್ಟಿದೆ. ಅದು ಒಳ್ಳೆಯ ಆರಂಭ. ಲಾರೆನ್ಸ್‌ನಂಥ ಊರಿನ ಪತ್ರಿಕೆಯೊಂದು ಬರೆದಿಟ್ಟ ಪಾಠ ಐದು ವರ್ಷಗಳ ನಂತರ, ಅದನ್ನು ಬರೆದವರು ಕಂಡೂ ಇರದ ಆ್ಯಪ್ ಒಂದಕ್ಕೆ ಆಸರೆಯಾಯಿತು. ಆ ಮತ ಸಂಗ್ರಹದ ಪಾಠವನ್ನು ಯಾರಾದರೂ ಕನ್ನಡದಲ್ಲಿ, ನಮ್ಮ ಗ್ರಾಮ ಪಂಚಾಯಿತಿ ಚುನಾವಣೆಯನ್ನೇ ಉದಾಹರಣೆಯಾಗಿಟ್ಟು ಬರೆದರೆ, ಅದು ಯಾವ ಊರಿನ ಯಾರ ಕೈಗೆ ಸಿಕ್ಕೀತೆಂದು ಇಂದು ಹೇಳಲಾಗದು.