ಕಾವೇರಿಯ ಜಲಗಣಿತವೂ ಜೋಗುಪಾಳ್ಯದ ನೀರೂ

ಜೋಗುಪಾಳ್ಯವು ಬೆಂಗಳೂರು ದಂಡಿನ ಪೂರ್ವಭಾಗದಲ್ಲಿ, ಹಲಸೂರು ಕೆರೆಗೆ ಸಮೀಪವಾಗಿರುವ ಊರು. ಬೆಂಗಳೂರು ಎರಡು ನದಿಗಳ ಕಣಿವೆಗಳನ್ನು ಬೇರ್ಪಡಿಸುವ ದಿಣ್ಣೆಯ ಮೇಲೆ ನೆಲಸಿದ ಪಟ್ಟಣವಾಗಿದೆ. ಪಡುವಣ ಭಾಗದ ನೀರು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಯನ್ನು ಸೇರುವುದು. ಹಲಸೂರಿನ ಕಡೆಯ ನೀರಾದರೋ ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಗೆ ಹೋಗುವುದು. 1974ರಲ್ಲಿ ಕಾವೇರಿಯ ನೀರು ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಹರಿಯತೊಡಗಿತು. ಹೀಗೆ ಒಂದು ನದಿಯ ನೀರನ್ನು ಕುಡಿದು ಮತ್ತೊಂದಕ್ಕೆ ಬಿಡುವ ಸ್ಥಿತಿಯು ಪಟ್ಟಣದ ಪೂರ್ವಭಾಗಕ್ಕೆ ಒದಗಿತು. ನದಿಯನ್ನು ಲೆಕ್ಕದಿಂದ ಆಳುವ ಪದ್ಧತಿಯ ಚರಿತ್ರೆಯಲ್ಲಿ ಈ ಸಂಗತಿಯು ಗಮನಾರ್ಹವಾದುದು.

ಆ ಪದ್ಧತಿಯು ಗಣಕಯಂತ್ರಕ್ಕಿಂತ ಹಳೆಯದು. 1924ನೆಯ ಫೆಬ್ರುವರಿ 18ರಂದು ಮೈಸೂರು, ಮದರಾಸು ಸರಕಾರಗಳು ಮಾಡಿಕೊಂಡ ಒಡಂಬಡಿಕೆಯು ಕೃಷ್ಣರಾಜಸಾಗರದಲ್ಲಿ 4,482.7 ಕೋಟಿ ಘನ ಅಡಿ ನೀರನ್ನು ಸಂಗ್ರಹಿಸಲು ಅವಕಾಶವಿತ್ತಿತು. ಆದರೆ ಕೆಳಗಣ ಮೇಲಣೆಯಲ್ಲಿ ನೀರು ಯಾವ ಮಟ್ಟಕ್ಕೆ ಇರಬೇಕೆಂಬುದನ್ನು ನಿಯಮಗಳು ಗೊತ್ತುಪಡಿಸಿದ್ದುವು. ನದಿಯ ಅಳತೆಗಳನ್ನು ತೆಗೆದು, ಅವುಗಳ ಮೇಲಿಂದ ಎಷ್ಟು ನೀರನ್ನು ತಡೆಯಬಹುದು, ಎಷ್ಟನ್ನು ಬಿಡಬೇಕು ಎಂದು ನಿರ್ಣಯಿಸುವುದೇ ಅದರ ಸಾರಾಂಶ.

ಇದೇ ಲೆಕ್ಕವನ್ನು ಅನೇಕ ವರ್ಷಗಳ ಒಳಹರಿವಿಗೆ ಅನ್ವಯಿಸಿ, ಬೇರೆ ಬೇರೆ ನಿಯಮಗಳ ಫಲವನ್ನು ಮುಂಚಿತವಾಗಿಯೇ ಕಾಣುವ ಶಕ್ತಿ ಗಣಕಯಂತ್ರದಿಂದ ಲಭಿಸಿತು. ಜಲಾಶಯದಲ್ಲಿದ್ದ ನೀರಿಗೆ ಒಳಬಂದುದನ್ನು ಕೂಡಿಸಿ, ಬಿಟ್ಟುದನ್ನೂ ಆವಿಯಾದುದನ್ನೂ ಕಳೆದರೆ ಮುಂದಿನ ಅವಧಿಯ ಸಂಗ್ರಹವು ದೊರೆಯುವುದು. ಜಲಾಶಯದ ಗಣಿತಪ್ರತಿರೂಪಕ್ಕೆ ಇದೇ ಅಡಿಗಲ್ಲು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ವೇದುಲ ಅವರು ಮೇಲಣ ಕಾವೇರಿ ಕಣಿವೆಯ ನೀರಾವರಿ ಯೋಜನೆಯನ್ನು ಗಣಿತದ ಮೂಲಕ ವಿಚಾರಿಸಿ 1985ರಲ್ಲಿ ಪ್ರಕಟಿಸಿದರು. 1992ರಲ್ಲಿ ಅವರೂ ಪಿ. ಪಿ. ಮುಜುಂದಾರ್ ಅವರೂ ಮಲಪ್ರಭಾ ಜಲಾಶಯದಿಂದ ನೀರು ಬಿಡುವ ನಿಯಮಗಳನ್ನು ರೂಪಿಸಿ, ಅವು ಎಷ್ಟರ ಮಟ್ಟಿಗೆ ನಂಬತಕ್ಕವು, ಕೊರತೆಯಿಂದ ಎಷ್ಟು ಬೇಗ ಚೇತರಿಸಿಕೊಳ್ಳುವುವು ಎಂಬುದನ್ನು ಪರೀಕ್ಷಿಸಿದರು.

ಆದರೆ ಇಂಥ ಲೆಕ್ಕಕ್ಕೆ ಮೊದಲೇ ಒಂದು ಎಲ್ಲೆಯನ್ನು ಗೊತ್ತುಮಾಡಬೇಕಾಗುತ್ತದೆ: ಯಾವ ಭೂಮಿ, ಯಾವ ಜನ ಲೆಕ್ಕದೊಳಗೆ? ಕಾವೇರಿ ಜಲವಿವಾದ ನ್ಯಾಯಮಂಡಲಿಯು 2007ನೆಯ ಫೆಬ್ರುವರಿ 5ರ ತನ್ನ ತೀರ್ಪಿನಲ್ಲಿ ನದಿಯ ಉತ್ಪತ್ತಿಯನ್ನು 740 ಟಿ.ಎಂ.ಸಿ. ಎಂದೆಣಿಸಿತು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಇದರಲ್ಲಿ ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7 ದೊರಕಿದುವು. ಉಳಿದುದು ಪರಿಸರಕ್ಕೂ ಅನಿವಾರ್ಯವಾಗಿ ಸಮುದ್ರ ಸೇರುವುದಕ್ಕೂ ಮೀಸಲಾಯಿತು. ಬೆಂಗಳೂರಿನ ವಿಷಯದಲ್ಲಿ, ಮೂರರಲ್ಲಿ ಒಂದು ಪಾಲು ಮಾತ್ರ ಕಾವೇರಿ ಕಣಿವೆಯಲ್ಲಿದೆ, ಬೇಕಾದ ನೀರಿನಲ್ಲಿ ಅರ್ಧವು ಅಂತರ್ಜಲದಿಂದ ದೊರೆಯುವುದು ಎಂಬ ಭಾವನೆಯ ಮೇಲೆ ಹಂಚಿಕೆಯಾಯಿತು. ಕಣಿವೆಯ ದೃಷ್ಟಿಯಿಂದ ಪಿನಾಕಿನಿಯ ಕಡೆಗೆ ಸೇರಿದ ಜೋಗುಪಾಳ್ಯದಂಥ ಭಾಗವು ಈ ಎಣಿಕೆಯ ಹೊರಗುಳಿಯಿತು. ಕುಡಿಯುವ ನೀರು ಮಾತ್ರ ಕಾವೇರಿಯದೇ ಆಗಿದ್ದಿತು.

2018ನೆಯ ಫೆಬ್ರುವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಈ ಭಾವನೆಯನ್ನು ಒಪ್ಪದೆ, ಕುಡಿಯುವ ನೀರಿಗೆ ಪ್ರಾಶಸ್ತ್ಯವಿತ್ತು, ಇಡೀ ಬೆಂಗಳೂರನ್ನು ಪರಿಗಣಿಸಿ 4.75 ಟಿ.ಎಂ.ಸಿ. ನೀರನ್ನು ಹೆಚ್ಚಿಸಿತು. ತಮಿಳುನಾಡಿನ ಅಂತರ್ಜಲವನ್ನು ಗಣನೆಗೆ ತಂದು ಇನ್ನೂ 10ನ್ನು ಸೇರಿಸಿದ್ದರಿಂದ ಕರ್ನಾಟಕದ ಪಾಲು 284.75 ಆಯಿತು. ತಮಿಳುನಾಡಿನ ಪಾಲು 404.25ಕ್ಕೆ ಇಳಿಯಿತು, ಬಿಳಿಗುಂಡ್ಲುವಿನಲ್ಲಿ ಬಿಡಬೇಕಾದ ನೀರು 192ರಿಂದ 177.25ಕ್ಕೆ ಇಳಿಯಿತು.

ಇಲ್ಲಿ ನದಿಯ ಉತ್ಪತ್ತಿಯು 740 ಆಗಿಯೇ ಉಳಿಯಿತು; ಬದಲಾದುದು ಯಾರನ್ನು ಎಣಿಸಬೇಕೆಂಬ ನಿರ್ಣಯ. ಅಳತೆಗಂಬದಿಂದ ಗಣಕಯಂತ್ರದವರೆಗೆ ಸಾಧನಗಳು ಎಷ್ಟು ಸೂಕ್ಷ್ಮವಾದರೂ ಆ ನಿರ್ಣಯವನ್ನು ಅವು ತಾವಾಗಿ ಮಾಡಲಾರವು. ಕಣಿವೆಯ ಎಲ್ಲೆಯನ್ನು ಭೂಮಿಯ ಇಳಿಜಾರು ಗೊತ್ತುಮಾಡುತ್ತದೆ. ಹಕ್ಕಿನ ಎಲ್ಲೆಯನ್ನು ಮನುಷ್ಯರು ವಿಚಾರಮಾಡಿ ಗೊತ್ತುಮಾಡತಕ್ಕದ್ದಾಗಿದೆ.